ಹೊಸ ಕಂಪ್ಯೂಟರಿಗೆ ಸಂಘದ ಲೆಕ್ಕ ಸಾಗಿಸುವಾಗ

ಕಾರ್ಯದರ್ಶಿಗಳೇ, ಹಾಲು ಪರೀಕ್ಷಕರೇ,

ಪಶುವೈದ್ಯನಿಗೆ ಕಂಪ್ಯೂಟರಿನ ಉಸಾಬರಿ ಏಕೆಂದು ನೀವು ಕೇಳಬಹುದು. ಬರಡು ರಾಸು ಶಿಬಿರಕ್ಕೆಂದು ಹೋಗಿದ್ದ ಸಂಘವೊಂದರಲ್ಲಿ ಕಂಡದ್ದನ್ನು ಹೇಳುತ್ತೇನೆ. ಅಲ್ಲಿ ಹಳೆಯ ಹಾರ್ಡ್ ಡಿಸ್ಕಿನಿಂದ ಹಾಲು ಶೇಖರಣೆ ತಂತ್ರಾಂಶದ ಫೋಲ್ಡರನ್ನಷ್ಟೇ ಪೆನ್ ಡ್ರೈವಿಗೆ ಹಾಕಿಕೊಂಡು, ಡಿಸ್ಕನ್ನು ಅಳಿಸಿಬಿಟ್ಟಿದ್ದರು. ಹೊಸ ಯಂತ್ರದಲ್ಲಿ ತಂತ್ರಾಂಶ ತೆರೆಯಲಿಲ್ಲ. ಲೆಕ್ಕದ ಕಡತವಂತೂ ಬೇರೊಂದು ಫೋಲ್ಡರಿನಲ್ಲಿತ್ತಂತೆ! ಬಟವಾಡೆಯನ್ನು ಸದಸ್ಯರ ಚೀಟಿಗಳಿಂದ ಮತ್ತೆ ಬರೆದರು. ಚೀಟಿ ಇಟ್ಟುಕೊಳ್ಳದ, ಒಂದೇ ಹಸುವಿನ ಒಬ್ಬ ತಾಯಿಗೆ ಪರೀಕ್ಷಕರ ಅಂದಾಜೇ ಗತಿಯಾಯಿತು.

ನೇಪಿಯರ್ ಕಡ್ಡಿಯನ್ನು ಕತ್ತರಿಸಿ ನೆಟ್ಟರೆ ಚಿಗುರುತ್ತದೆ, ತಂತ್ರಾಂಶ ಹಾಗಲ್ಲ. ಅಳವಡಿಸುವಾಗ ಅದು ವಿಂಡೋಸಿನ ರಿಜಿಸ್ಟ್ರಿ ಎಂಬ ದಾಖಲೆಯಲ್ಲಿ ತನ್ನ ವಿವರ ಬರೆಸುತ್ತದೆ, ಸಹಾಯಕ ಕಡತಗಳನ್ನು ಬೇರೆಡೆ ಇಡುತ್ತದೆ. ಹಳೆಯ ಡಿಸ್ಕನ್ನು ಯುಎಸ್‌ಬಿ ಕೇಬಲಿನಿಂದ ಹೊಸ ಯಂತ್ರಕ್ಕೆ ಜೋಡಿಸಿದರೆ ಕಡತಗಳು ಕಾಣುತ್ತವೆ, ನಿಜ. ಆದರೆ ಇಂಥ ತಂತ್ರಾಂಶ ಸಾಮಾನ್ಯವಾಗಿ ಅಲ್ಲಿಂದ ಓಡುವುದಿಲ್ಲ. ಆದ್ದರಿಂದ ತಂತ್ರಾಂಶವನ್ನು ಮೂಲ ಸಿ.ಡಿ.ಯಿಂದ ಹೊಸದಾಗಿ ಅಳವಡಿಸಿ. ಸಾಗಿಸಬೇಕಾದದ್ದು ಲೆಕ್ಕದ ಕಡತವನ್ನು ಮಾತ್ರ. ಆ ಕಡತ ಎಲ್ಲಿದೆ, ಪರವಾನಗಿ ಹಳೆಯ ಯಂತ್ರಕ್ಕೇ ಕಟ್ಟುಬಿದ್ದಿದೆಯೇ ಎಂಬುದನ್ನು ತಂತ್ರಾಂಶ ಕೊಟ್ಟವರಿಂದ ಮೊದಲೇ ತಿಳಿದುಕೊಳ್ಳಿ. ಸಂಜೆ ಸರದಿ ಮುಗಿದು, ತಂತ್ರಾಂಶ ಮುಚ್ಚಿದ ಮೇಲೆ ಎರಡು ಪ್ರತಿ ತೆಗೆಯಿರಿ.

ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹಲವರು ಯಂತ್ರ ಬದಲಿಸುತ್ತಿದ್ದಾರೆ. ಡಾಸ್ ಕಾಲದ ತಂತ್ರಾಂಶ ವಿಂಡೋಸ್ 11ರಲ್ಲಿ ನೇರವಾಗಿ ಓಡದು. ಅಂಥ ಸಂಘಗಳು ಹೊಸ ಆವೃತ್ತಿ ಕೇಳಲೇಬೇಕು.

ತೂಕದ ಯಂತ್ರ ಮತ್ತು ಹಾಲು ವಿಶ್ಲೇಷಕದ ಒಂಬತ್ತು ಪಿನ್ನಿನ ಕೇಬಲಿಗೆ ಹೊಸ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಜಾಗವಿರುವುದಿಲ್ಲ. ಯುಎಸ್‌ಬಿ ಪರಿವರ್ತಕ ಹಾಕಿ, ಅದಕ್ಕೆ ಸಿಕ್ಕ ಕಾಮ್ ಪೋರ್ಟ್ ಸಂಖ್ಯೆಯನ್ನೇ ತಂತ್ರಾಂಶದಲ್ಲೂ ನಮೂದಿಸಿ. ಸಂಖ್ಯೆ ತಪ್ಪಿದರೆ ತೂಕವೂ ಜಿಡ್ಡಿನ ಅಂಶವೂ ಪರದೆಗೆ ಬರುವುದಿಲ್ಲ. ಸದಸ್ಯರ ಹೆಸರುಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಗಾಬರಿ ಬೇಡ. ಹಳೆಯ ನುಡಿ ಅಥವಾ ಬರಹ ಅಕ್ಷರ ವಿನ್ಯಾಸವನ್ನು ಅಳವಡಿಸಿ ನೋಡಿ.

ಮುಖ್ಯವಾಗಿ, ಬದಲಾವಣೆಗೆ ಮುನ್ನ ಸದಸ್ಯವಾರು ಹಾಲಿನ ಪ್ರಮಾಣ, ಪಶು ಆಹಾರದ ಬಾಕಿ, ಮುಂಗಡಗಳನ್ನು ಹಳೆಯ ಯಂತ್ರದಲ್ಲಿ ಮುದ್ರಿಸಿ, ಹೊಸದರೊಂದಿಗೆ ಸಾಲುಸಾಲಾಗಿ ತಾಳೆ ನೋಡಿ. ಮೊದಲ ಬಟವಾಡೆ ಮುಗಿಯುವವರೆಗೆ ಕೈಬರಹದ ಪುಸ್ತಕವೂ ಜೊತೆಗಿರಲಿ. ಹಳೆಯ ಡಿಸ್ಕನ್ನು ಸಂಘದ ಬೀರುವಿನಲ್ಲಿಡಿ. ವರ್ಷದ ಲೆಕ್ಕ ಪರಿಶೋಧನೆ ಮುಗಿದು ಬೋನಸ್ ಹಂಚುವವರೆಗೆ ಅದನ್ನು ಯಾರೂ ಅಳಿಸಕೂಡದು.