ಹೆಸರಿನಲ್ಲೇ ಉಪ್ಪು

ವಿದ್ಯಾರ್ಥಿಗಳೇ, ಹೆಚ್ಚಿಟ್ಟ ಮಾವಿನಕಾಯಿ ಎರಡು ಮೂರು ದಿನಗಳಲ್ಲಿ ಕೆಡುತ್ತದೆ. ಅದೇ ಕಾಯಿ ಉಪ್ಪಿನಕಾಯಿಯಾದರೆ ವರ್ಷವಿಡೀ ಬಾಳುತ್ತದೆ. ಇದಕ್ಕೆ ಕಾರಣವೇನು?

ಉತ್ತರದ ಮುಖ್ಯ ಭಾಗ ಹೆಸರಿನಲ್ಲೇ ಇದೆ. ನಾವು ಉಪ್ಪಿನಕಾಯಿ ಎನ್ನುತ್ತೇವೆ. ನಮ್ಮ ನೆರೆಯ ಮರಾಠಿಯ 'ಲೋಣಚೆ' ಎಂಬ ಮಾತು 'ಲವಣ'ದಿಂದ ಬಂದುದು. ಎರಡು ಭಾಷೆಗಳೂ ಉಪ್ಪನ್ನೇ ಎತ್ತಿ ಹೇಳಿವೆ. ಆಹಾರವನ್ನು ಕೆಡಿಸುವ ಸೂಕ್ಷ್ಮಜೀವಿಗಳಿಗೆ ಬೆಳೆಯಲು ನೀರು ಬೇಕು. ಉಪ್ಪು ಆ ನೀರು ಅವುಗಳಿಗೆ ದಕ್ಕದಂತೆ ಮಾಡುತ್ತದೆ. ಇದಕ್ಕೆ ನೂರು ತೂಕಕ್ಕೆ ಸುಮಾರು 15ರಷ್ಟು ಉಪ್ಪು ಬೇಕು. ಮಾವಿನ ಹುಳಿಯೂ ಅದಕ್ಕೆ ನೆರವಾಗುತ್ತದೆ.

ಮಸಾಲೆ ಪದಾರ್ಥಗಳದು ಸಹಾಯಕರ ಕೆಲಸ. ಇಡಿಯ ಸಾಸಿವೆಗೆ ಘಾಟಿಲ್ಲ. ಕುಟ್ಟಿದ ಸಾಸಿವೆಗೆ ತೇವ ತಗುಲಿದಾಗ ಘಾಟು ಹುಟ್ಟುತ್ತದೆ. ಆ ಘಾಟು ಬೂಷ್ಟನ್ನೂ ಬ್ಯಾಕ್ಟೀರಿಯಗಳನ್ನೂ ತಡೆಯುತ್ತದೆ. ಬೆಳ್ಳುಳ್ಳಿಯನ್ನು ಜಜ್ಜಿದಾಗ ಹುಟ್ಟುವ ಆಲಿಸಿನ್ ಎಂಬ ದ್ರವ್ಯವನ್ನು 1944ರಲ್ಲಿ ಅಮೆರಿಕದ ಕ್ಯಾವಲಿಟೊ ಮತ್ತು ಬೇಯ್ಲಿ ಎಂಬ ವಿಜ್ಞಾನಿಗಳು ಬೇರ್ಪಡಿಸಿ, ಅದು ಬ್ಯಾಕ್ಟೀರಿಯಗಳನ್ನು ತಡೆಯುವುದೆಂದು ತೋರಿಸಿದರು. ಲವಂಗದ ಯೂಜಿನಾಲ್, ಅರಿಷಿಣದ ಕರ್ಕ್ಯುಮಿನ್ ಕೂಡ ಇಂಥವೇ.

ಆದರೆ ಸಹಾಯಕರನ್ನೇ ಯಜಮಾನರೆಂದು ತಿಳಿಯಬಾರದು. 1985ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ, ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದ 36 ಜನ ಬಾಟುಲಿಸಂ ಎಂಬ ವಿಷಬಾಧೆಗೆ ತುತ್ತಾದರು. ಆ ರೋಗದ ಬ್ಯಾಕ್ಟೀರಿಯ ಗಾಳಿಯಿಲ್ಲದ ಕಡೆ ಬೆಳೆಯುವಂಥದು. ಎಣ್ಣೆ ಗಾಳಿಯನ್ನು ತಡೆಯಿತು. ಸಾಕಷ್ಟು ಹುಳಿ ಇರಲಿಲ್ಲ, ತಣ್ಣಗೂ ಇಟ್ಟಿರಲಿಲ್ಲ. ಬೆಳ್ಳುಳ್ಳಿಯ ಗುಣವೊಂದೇ ಸಾಲಲಿಲ್ಲ.

ನಮ್ಮ ಮನೆಗಳಿಗೂ ಈ ಪಾಠ ಅನ್ವಯಿಸುತ್ತದೆ. ಗಡಹಿಂಗ್ಲಜ ಪೇಟೆಯ ಸಂಕೇಶ್ವರಿ ಮೆಣಸಿನಕಾಯಿ ತಂದು ಕೊಲ್ಹಾಪುರ, ಇಚಲಕರಂಜಿಯ ಮನೆಗಳಲ್ಲಿ ವರ್ಷಕ್ಕಾಗುವಷ್ಟು ಕಾಂದಾ-ಲಸೂಣ ಮಸಾಲೆ ಮಾಡಿಡುತ್ತಾರೆ. ಅದು ಬಾಳುವುದು ಬೆಳ್ಳುಳ್ಳಿಯ ಬಲಕ್ಕಿಂತ ಹೆಚ್ಚಾಗಿ ಒಣಗಿಸಿ ಹುರಿದುದರಿಂದ. ಮಳೆಗಾಲದಲ್ಲಿ ಒಂದು ಹಸಿ ಚಮಚ ಸಾಕು, ಬೂಷ್ಟು ಬರಲು.

ಪಾಲಕರಲ್ಲಿ ಮೂರು ವಿನಂತಿ. ರಕ್ತದೊತ್ತಡದ ಕಾರಣ ಉಪ್ಪು ಕಡಿಮೆ ಹಾಕುವವರು ಸ್ವಲ್ಪವೇ ಉಪ್ಪಿನಕಾಯಿ ಮಾಡಿ, ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಬೇಕು. ಹಸಿ ಬೆಳ್ಳುಳ್ಳಿಯನ್ನು ಬರೀ ಎಣ್ಣೆಯಲ್ಲಿ ಹೊರಗಿಡಬಾರದು. ಬೂಷ್ಟು ಹಿಡಿದ ಶೇಂಗಾ, ಮೆಣಸಿನಕಾಯಿಗಳನ್ನು ಒರೆಸಿ ಬಳಸಬಾರದು. ಅವುಗಳಲ್ಲಿರಬಹುದಾದ ಅಫ್ಲಾಟಾಕ್ಸಿನ್ ಎಂಬ ವಿಷ ಸಾಮಾನ್ಯ ಅಡುಗೆಯ ಕಾವಿಗೆ ಹೋಗುವುದಿಲ್ಲ.

ವಿದ್ಯಾರ್ಥಿಗಳೇ, ಮನೆಯಲ್ಲಿ ಉಪ್ಪಿನಕಾಯಿ ಹಾಕುವಾಗ ಅಜ್ಜಿಯ ಪಕ್ಕದಲ್ಲಿ ಕುಳಿತು ಯಾವುದು ಎಷ್ಟು, ಏಕೆ ಎಂದು ಕೇಳಿ ಬರೆದುಕೊಳ್ಳಿರಿ. ಕೈ ಒರೆಸಿಕೊಂಡೇ ಭರಣಿ ಮುಟ್ಟು ಎಂದು ಅವರು ಗದರಿಸಿದರೆ, ಅದರಲ್ಲಿ ವಿಜ್ಞಾನವಿದೆಯೆಂದು ತಿಳಿಯಿರಿ.