ಅನ್ನನಾಳದ ಅಲೆಯೂ ವಂಶವಾಹಿಯ ದೋಷವೂ

ಹಸುವು ಬಾನಿಗೆ ಬಾಯಿಟ್ಟು ಕಲಗಚ್ಚನ್ನು ಕುಡಿಯುವಾಗ ಅದರ ತಲೆ ಹೊಟ್ಟೆಗಿಂತ ಕೆಳಗಿರುತ್ತದೆ. ಆದರೂ ಕುಡಿದದ್ದು ಮೇಲೇರಿ ಹೊಟ್ಟೆಯನ್ನು ಸೇರುವುದು ಹೇಗೆ? ಅನ್ನನಾಳವು ಬರಿಯ ಕೊಳವೆಯಲ್ಲ, ಆಹಾರವನ್ನು ತಾನೇ ನೂಕುವ ಯಂತ್ರ ಎಂಬುದೇ ಇದಕ್ಕೆ ಉತ್ತರ.

ವಯಸ್ಕ ಮನುಷ್ಯನಲ್ಲಿ ಈ ನಾಳದ ಉದ್ದ ಸುಮಾರು 25 ಸೆಂಟಿಮೀಟರು. ಇದರ ಮೇಲ್ಭಾಗದಲ್ಲಿ ಪಟ್ಟೆಯುಳ್ಳ ಸ್ನಾಯುಗಳೂ ಕೆಳಭಾಗದಲ್ಲಿ ನಯವಾದ ಸ್ನಾಯುಗಳೂ ಇವೆ. ನಡುವೆ ಎರಡರ ಮಿಶ್ರಣವಿದೆ. ತುತ್ತಿನ ಹಿಂದೆ ನಾಳವು ಸಂಕುಚಿಸುತ್ತದೆ, ಮುಂದೆ ಸಡಿಲಗೊಳ್ಳುತ್ತದೆ. ಈ ಅಲೆಯು ಸುಮಾರು 8ರಿಂದ 10 ಸೆಕೆಂಡುಗಳಲ್ಲಿ ಜಠರದ ಬಾಗಿಲನ್ನು ಮುಟ್ಟುತ್ತದೆ. ಅಲ್ಲಿ ಬಿಗಿದಿರುವ ಸ್ನಾಯುವಿನ ಉಂಗುರವು ಸಡಿಲಗೊಂಡು ತುತ್ತಿಗೆ ದಾರಿ ಬಿಡುತ್ತದೆ.

ನಯವಾದ ಸ್ನಾಯುವಿನೊಳಗೆ ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನಿನ ಎಳೆಗಳಿವೆ. ಮಯೋಸಿನ್ ಆಕ್ಟಿನನ್ನು ಹಿಡಿದೆಳೆದಾಗ ಸ್ನಾಯು ಕುಗ್ಗುತ್ತದೆ. ಈ ಎಳೆಗಳ ನಕ್ಷೆಯೇ ವಂಶವಾಹಿ. ಜೀರ್ಣಾಂಗಗಳ ಆಕ್ಟಿನಿನ ವಂಶವಾಹಿಗೆ ಎಸಿಟಿಜಿ2 ಎಂದೂ, ಮಯೋಸಿನಿನ ವಂಶವಾಹಿಗೆ ಎಂವೈಎಚ್11 ಎಂದೂ ಹೆಸರು. ನೇಕಾರರ ಮನೆಯ ಮಕ್ಕಳು ಇದನ್ನು ಸುಲಭವಾಗಿ ಗ್ರಹಿಸಬಲ್ಲರು: ಜಕಾರ್ಡ್ ಮಗ್ಗದ ರಟ್ಟಿನಲ್ಲಿ ಒಂದು ತೂತು ತಪ್ಪಿದರೆ ಸೀರೆಯ ಅಂಚಿನುದ್ದಕ್ಕೂ ಅದೇ ತಪ್ಪು ಮರಳಿ ಮರಳಿ ಬೀಳುತ್ತದೆ. ಹಾಗೆಯೇ ವಂಶವಾಹಿ ಕೆಟ್ಟಾಗ ಎಳೆಗಳ ಹಿಡಿತ ಕುಂದಿ, ಕರುಳು ಮತ್ತು ಮೂತ್ರಕೋಶಗಳು ಸೋಲುತ್ತವೆ. ಕೆಲವರಲ್ಲಿ ಅನ್ನನಾಳದ ಅಲೆಯೂ ಕ್ಷೀಣಿಸುತ್ತದೆ. 2012ರಲ್ಲಿ ಫಿನ್ಲೆಂಡಿನ ಒಂದು ಕುಟುಂಬದಲ್ಲಿ ಎಸಿಟಿಜಿ2ರ ಇಂಥ ದೋಷವನ್ನು ವಿಜ್ಞಾನಿಗಳು ಗುರುತಿಸಿದರು.

ಪೋತ್ತನೂರು ಜಂಕ್ಷನ್ನಿನಲ್ಲಿ ಎಂಜಿನು ಕೆಟ್ಟರೂ ಗಾಡಿ ನಿಲ್ಲುತ್ತದೆ, ಸಿಗ್ನಲ್ ದೊರೆಯದಿದ್ದರೂ ನಿಲ್ಲುತ್ತದೆ. ಮೇಲೆ ಹೇಳಿದ್ದು ಎಂಜಿನಿನ ದೋಷ. ಅಕಲೇಸಿಯಾ ಎಂಬ ರೋಗದಲ್ಲಿ ಕೆಡುವುದು ಸಿಗ್ನಲ್, ಅಂದರೆ ನಾಳದ ಗೋಡೆಯೊಳಗಿನ ನರಕೋಶಗಳು. ಆಗ ಕೆಳಗಿನ ಉಂಗುರ ಸಡಿಲಗೊಳ್ಳುವುದಿಲ್ಲ. 1913ರಲ್ಲಿ ಜರ್ಮನಿಯ ಹೆಲ್ಲರ್ ಎಂಬ ವೈದ್ಯರು ಆ ಸ್ನಾಯುವನ್ನು ಸೀಳಿ ದಾರಿ ಮಾಡಿದರು. ಸ್ನಾಯುವಿನದೇ ದೋಷಕ್ಕಾದರೋ ಮೂಲಪರಿಹಾರ ಇನ್ನೂ ಇಲ್ಲ. ಪೋಷಣೆಯೇ ಮುಖ್ಯ ಆಧಾರ.

ಪೋಷಕರಲ್ಲಿ ನಮ್ಮದೊಂದು ಅರಿಕೆ. ಎಸಿಟಿಜಿ2ರ ದೋಷವು ಎಷ್ಟೋ ವೇಳೆ ಮಗುವಿನಲ್ಲೇ ಹೊಸದಾಗಿ ಹುಟ್ಟುತ್ತದೆ. ಅದಕ್ಕೆ ತಾಯಿಯನ್ನಾಗಲಿ ತಂದೆಯನ್ನಾಗಲಿ ದೂರಬಾರದು. ಆದರೆ ಕೆಲವು ದೋಷಗಳು ತಂದೆತಾಯಿಗಳಿಬ್ಬರಲ್ಲೂ ಅಡಗಿದ್ದು, ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲಿನ ಅಪಾಯವನ್ನು ತರುತ್ತವೆ. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲೇ ಮದುವೆ ಮಾಡುವಲ್ಲಿ ಇಂಥ ಜೋಡಿ ಕೂಡುವ ಸಂಭವ ಹೆಚ್ಚು. ಈ ರೋಗಗಳು ವಿರಳವೇ ನಿಜ. ಆದರೂ ಮಗುವು ತುತ್ತು ಸಿಕ್ಕಿಕೊಳ್ಳುತ್ತದೆಂದರೆ, ಉಂಡದ್ದನ್ನು ಮತ್ತೆ ಮತ್ತೆ ಕಕ್ಕಿದರೆ, ತೂಕ ಇಳಿದರೆ, ಅದನ್ನು ಹಟವೆಂದು ಗದರಿಸದೆ ವೈದ್ಯರಿಗೆ ತೋರಿಸಿರಿ. ಮಕ್ಕಳೇ, ನಿಧಾನವಾಗಿ ಉಣ್ಣುವ ಗೆಳೆಯನನ್ನು ನಗಬೇಡಿರಿ, ಅವನೊಡನೆ ಕುಳಿತಿರಿ.