ಹಚ್ಚೆಯ ಹಸಿರು

ಕಾರ್ತಿಕ ಮಾಸದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ದೊಡ್ಡ ಬಸವಣ್ಣನ ಗುಡಿಯ ಸುತ್ತಲಿನ ಬೀದಿಗಳ ಇಕ್ಕೆಲಗಳಲ್ಲಿ ಕಡಲೆಕಾಯಿಯ ರಾಶಿಗಳು ಏಳುತ್ತವೆ. ಬಳೆ, ಪೀಪಿ, ಬೆಂಡು ಬತ್ತಾಸು, ಮಣ್ಣಿನ ಗೊಂಬೆ ಮಾರುವವರ ನಡುವೆ, ಹಲಗೆಯೊಂದರ ಮೇಲೆ ಚಿತ್ರಗಳನ್ನು ಅಂಟಿಸಿಕೊಂಡು ಕುಳಿತಿರುವ ಕೆಲವರು ಕಣ್ಣಿಗೆ ಬೀಳುತ್ತಾರೆ. ಹೂವು, ಚೇಳು, ತ್ರಿಶೂಲ, ಓಂಕಾರ, ಹೃದಯ - ಬೇಕಾದುದನ್ನು ಆರಿಸಿಕೊಳ್ಳಬಹುದು. ಇವರು ಹಚ್ಚೆ ಹಾಕುವವರು. ಇವರ ಕೈಯಲ್ಲಿ ವಿದ್ಯುತ್ತಿನಿಂದ ನಡೆಯುವ ಒಂದು ಪುಟ್ಟ ಯಂತ್ರವಿರುತ್ತದೆ. ಅದು ದುಂಬಿಯಂತೆ ಗುಂಯ್‌ಗುಟ್ಟುತ್ತದೆ. ಅಮೆರಿಕದ ಥಾಮಸ್ ಎಡಿಸನ್ ೧೮೭೫ರಲ್ಲಿ, ಕಾಗದದಲ್ಲಿ ರಂಧ್ರಗಳನ್ನು ಮಾಡಿ ಬರಹದ ಪ್ರತಿಗಳನ್ನು ತೆಗೆಯಲೆಂದು ವಿದ್ಯುತ್ ಲೇಖನಿಯೊಂದನ್ನು ನಿರ್ಮಿಸಿದ್ದನು. ಅದೇ ತತ್ತ್ವವನ್ನು ಅನುಸರಿಸಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ ೧೮೯೧ರಲ್ಲಿ ಹಚ್ಚೆಯ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಪರಿಷೆಯ ಬೀದಿಯಲ್ಲಿ ಗುಂಯ್‌ಗುಟ್ಟುವುದು ಆ ಯಂತ್ರದ ದೂರದ ಸಂತತಿ.

ಆದರೆ ಹಚ್ಚೆ ಈ ಯಂತ್ರಕ್ಕಿಂತ ಬಹಳ ಹಳೆಯದು. ಅದೇ ಪರಿಷೆಗೆ ಬಂದ ಮುದುಕಿಯೊಬ್ಬಳು ಕಡಲೆಕಾಯಿಗೆಂದು ಮಡಿಲೊಡ್ಡಿದಾಗ ಅವಳ ಮುಂಗೈಯನ್ನು ಗಮನಿಸಿದರೆ ಸಾಕು. ಮಾಸಿದ ಹಸಿರು ಬಣ್ಣದ ಚುಕ್ಕೆಗಳು, ಒಂದು ತೊಟ್ಟಿಲು, ಒಂದು ಬಳ್ಳಿ, ಅಕ್ಷರಗಳಂತೆ ತೋರುವ ಕೆಲವು ಗೆರೆಗಳು ಅಲ್ಲಿ ಕಾಣುತ್ತವೆ. ಗಾಂಧಿಬಜಾರಿನ ಹೂವಿನ ಅಂಗಡಿಗಳ ಮುಂದೆ, ಮಲ್ಲೇಶ್ವರದ ಮಾರುಕಟ್ಟೆಯಲ್ಲಿ, ಚಾಮರಾಜಪೇಟೆಯ ಓಣಿಗಳಲ್ಲಿ ಇಂತಹ ಕೈಗಳು ಇನ್ನೂ ಕಾಣಸಿಗುತ್ತವೆ. ಸಂಖ್ಯೆ ಮಾತ್ರ ವರ್ಷವರ್ಷಕ್ಕೂ ಇಳಿಯುತ್ತಿದೆ.

‘ಹಚ್ಚೆ’ ಎಂಬ ಮಾತಿನಲ್ಲಿಯೇ ಅದರ ಬಣ್ಣವಿದೆ. ಹಳಗನ್ನಡದ ‘ಪಾಲು’ ಹೊಸಗನ್ನಡದಲ್ಲಿ ‘ಹಾಲು’ ಆದಂತೆ, ‘ಪಾವು’ ‘ಹಾವು’ ಆದಂತೆ, ‘ಪಚ್ಚೆ’ ಎಂಬುದು ‘ಹಚ್ಚೆ’ಯಾಗಿದೆ. ಪಚ್ಚೆ ಎಂದರೆ ಹಸಿರು. ತಮಿಳರು ಇದನ್ನು ‘ಪಚ್ಚೈ’ ಎಂದೂ ತೆಲುಗರು ‘ಪಚ್ಚಬೊಟ್ಟು’ ಎಂದೂ ಕರೆಯುತ್ತಾರೆ. ವಿಚಿತ್ರವೆಂದರೆ, ಚರ್ಮದೊಳಕ್ಕೆ ಹೋಗುವ ಬಣ್ಣ ಹಸಿರಲ್ಲ. ಅದು ದೀಪದ ಕಾಡಿಗೆಯ ಅಪ್ಪಟ ಕಪ್ಪು. ಚರ್ಮದ ಪದರಗಳ ಮೂಲಕ ಹಾದು ಬರುವ ಬೆಳಕು ಚದುರುವುದರಿಂದ ಆ ಕಪ್ಪು ನಮ್ಮ ಕಣ್ಣಿಗೆ ನೀಲಿಯಾಗಿ, ಹಸಿರಾಗಿ ತೋರುತ್ತದೆ.

ಹಿಂದೆ ಹಚ್ಚೆ ಹಾಕುವ ಕೆಲಸ ಬಹುಮಟ್ಟಿಗೆ ಹೆಂಗಸರದೇ ಆಗಿತ್ತು. ಕೊರಮ ಅಥವಾ ಕೊರಚ ಜನಾಂಗದ ಹೆಂಗಸರು ಬುಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ಊರೂರು ತಿರುಗುತ್ತಿದ್ದರು. ಕಣಿ ಹೇಳುವುದು, ಬುಟ್ಟಿ ಹೆಣೆಯುವುದು, ಹಚ್ಚೆ ಹುಯ್ಯುವುದು ಅವರ ಕಸುಬು. ತೊಗಲುಬೊಂಬೆ ಆಡಿಸುವ ಕಿಳ್ಳೇಕ್ಯಾತರ ಹೆಂಗಸರಿಗೂ ಈ ವಿದ್ಯೆ ಒಲಿದಿತ್ತು. ಕೊರವಂಜಿಯ ಚುರುಕು ನಾಲಗೆ ಎಷ್ಟು ಪ್ರಸಿದ್ಧವಾಗಿತ್ತೆಂದರೆ, ಡಾ. ಎಂ. ಶಿವರಾಂ ಅವರು ೧೯೪೨ರಲ್ಲಿ ಬೆಂಗಳೂರಿನಿಂದ ಹೊರಡಿಸಿದ ಹಾಸ್ಯಪತ್ರಿಕೆಗೆ ಅವಳ ಹೆಸರನ್ನೇ ಇಟ್ಟರು.

ಕೊರವಂಜಿ ಬಂದಳೆಂದರೆ ಮನೆಯ ಹಿರಿಯಳು ಹುಡುಗಿಯನ್ನು ಜಗಲಿಗೆ ಕರೆತರುವಳು. ಕೆಲವು ಸೂಜಿಗಳನ್ನು ದಾರದಿಂದ ಒಟ್ಟಾಗಿ ಕಟ್ಟಿ, ಕಾಡಿಗೆಗೆ ಹಸಿರೆಲೆಯ ರಸವನ್ನು ಬೆರೆಸಿ, ಮೊದಲು ಕಡ್ಡಿಯಿಂದ ಚಿತ್ರವನ್ನು ಬರೆದು, ಅನಂತರ ಅದರ ಮೇಲೆ ಚುಚ್ಚುತ್ತ ಹೋಗುವಳು. ಹುಡುಗಿ ಅಳುವಳು, ತಾಯಿ ಕೈಯನ್ನು ಬಿಗಿಯಾಗಿ ಹಿಡಿದುಕೊಳ್ಳುವಳು, ಕೊರವಂಜಿ ನೋವು ಮರೆಯಿಸಲು ಹಾಡುವಳು. ಮುಗಿದ ಮೇಲೆ ಗಾಯಕ್ಕೆ ಅರಿಸಿನ ಹಚ್ಚುವುದು, ಮೊರದಲ್ಲಿ ರಾಗಿಯನ್ನೋ ಅಕ್ಕಿಯನ್ನೋ ತಂದು ಕೊಡುವುದು ಪದ್ಧತಿ. ಹುಡುಗಿಯ ಒಪ್ಪಿಗೆಯನ್ನು ಕೇಳುವ ರೂಢಿ ಮಾತ್ರ ಇರಲಿಲ್ಲ. ಹಚ್ಚೆಯ ಸೊಗಸನ್ನು ಹೊಗಳುವವರು ಈ ಸಂಗತಿಯನ್ನು ಮರೆಯುವುದು ಸರಿಯಲ್ಲ.

ನಮ್ಮ ಚರ್ಮದ ಹೊರಪದರವು ಸುಮಾರು ಒಂದು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಹಾಗಿದ್ದರೂ ಬಾಲ್ಯದಲ್ಲಿ ಹಾಕಿದ ಹಚ್ಚೆ ಎಂಬತ್ತರ ವಯಸ್ಸಿನಲ್ಲಿಯೂ ಉಳಿಯುವುದು ಹೇಗೆ? ಸೂಜಿಯು ಬಣ್ಣವನ್ನು ಹೊರಪದರದ ಕೆಳಗಿರುವ ಒಳಚರ್ಮಕ್ಕೆ ಇಳಿಸುತ್ತದೆ. ಮೈಯನ್ನು ಕಾಯುವ ಭಕ್ಷಕ ಕೋಶಗಳು ಅದನ್ನು ಶತ್ರುವೆಂದು ತಿಳಿದು ನುಂಗುತ್ತವೆ, ಆದರೆ ಅರಗಿಸಲಾರವು. ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ನಡೆಸಿ ೧೮ ಎಂಬ ವಯಸ್ಸೂ ತುಂಬದ ಈ ಹೊಸ ಶತಮಾನದಲ್ಲಿ, ಅಂದರೆ ೨೦೧೮ರಲ್ಲಿ ಪ್ರಕಟಿಸಿದ ಪ್ರಬಂಧ ಇನ್ನೊಂದು ಸೋಜಿಗವನ್ನು ತಿಳಿಸಿತು. ಬಣ್ಣವನ್ನು ನುಂಗಿದ ಕೋಶವು ಸತ್ತಾಗ ಹೊರಬೀಳುವ ಕಣಗಳನ್ನು ಅಲ್ಲಿಗೆ ಬಂದ ಹೊಸ ಕೋಶವು ಮತ್ತೆ ನುಂಗಿಕೊಳ್ಳುತ್ತದೆ. ಹೀಗೆ ಒಂದು ತಲೆಮಾರಿನ ಕೋಶಗಳು ಮುಂದಿನ ತಲೆಮಾರಿಗೆ ಆ ಗುರುತನ್ನು ಒಪ್ಪಿಸುತ್ತ ಹೋಗುತ್ತವೆ.

ಚಿತ್ರ ಹೀಗೆ ಉಳಿಯುತ್ತದೆ; ಅದರ ಅರ್ಥ ಉಳಿಯುವುದು ಅಷ್ಟು ಸುಲಭವಲ್ಲ. ತೊಟ್ಟಿಲು ಎಂದರೆ ಮಕ್ಕಳಾಗಲಿ ಎಂಬ ಹರಕೆ, ತುಳಸಿಯ ಬೃಂದಾವನವೆಂದರೆ ಮುತ್ತೈದೆತನದ ಹಾರೈಕೆ, ಚೇಳು ಎಂದರೆ ವಿಷಜಂತುಗಳಿಂದ ರಕ್ಷಣೆ ಎಂದು ಸಾಮಾನ್ಯವಾಗಿ ಹೇಳುವುದುಂಟು. ಇವು ಎಲ್ಲರಿಗೂ ಸೇರಿದ ಅರ್ಥಗಳು. ಆದರೆ ಒಬ್ಬಳ ಕೈಯಲ್ಲಿರುವ ತೊಟ್ಟಿಲು ಹುಟ್ಟಲಿರುವ ಮಗುವಿನದಾಗಿರಬಹುದು. ಇನ್ನೊಬ್ಬಳ ಕೈಯಲ್ಲಿರುವುದು ಉಳಿಯದೆ ಹೋದ ಮಗುವಿನದಾಗಿರಬಹುದು. ಗೆರೆಗಳು ಎರಡು ಕೈಗಳಲ್ಲಿಯೂ ಒಂದೇ. ತವರಿನಿಂದ ದೂರದ ಊರಿಗೆ ಮದುವೆಯಾಗಿ ಹೋಗುವ ಹೆಣ್ಣಿಗೆ ಹಚ್ಚೆಯು ತಾಯಿ ಮಾಡಿಸಿದ ಒಡವೆ. ಚಿನ್ನವನ್ನು ಕಷ್ಟಕಾಲದಲ್ಲಿ ಒತ್ತೆಯಿಡಬಹುದು, ಕಳ್ಳರು ಕದಿಯಬಹುದು, ಕೊನೆಗೆ ಹೆಣದ ಮೇಲಿಂದ ಮಕ್ಕಳೇ ಬಿಚ್ಚಿಕೊಳ್ಳುವರು. ಹಚ್ಚೆಯೊಂದೇ ಸತ್ತ ಮೇಲೂ ಜೊತೆಗೆ ಬರುವ ಒಡವೆ ಎಂಬುದು ಹಳ್ಳಿಯ ಹೆಂಗಸರ ನಂಬಿಕೆ.

ತಾಯಿ ಹಾಕಿಸಿದ ಗುರುತು ಒಂದು ಬಗೆಯದು. ಸರ್ಕಾರ ಹಾಕಿಸಿದ ಗುರುತು ಇನ್ನೊಂದು ಬಗೆಯದು. ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದ ಕೈದಿಗಳ ಹಣೆಯ ಮೇಲೆ ಅವರ ಅಪರಾಧವನ್ನು ಹಚ್ಚೆಯಾಗಿ ಚುಚ್ಚುತ್ತಿದ್ದರು. ಈ ಕ್ರೂರ ಪದ್ಧತಿ ೧೮೪೯ರಲ್ಲಿ ರದ್ದಾಯಿತು. ಅದಕ್ಕೆ ನೂರು ವರ್ಷ ತುಂಬುವ ಮೊದಲೇ ಜರ್ಮನಿಯ ನಾಜಿಗಳು ಆಶ್‌ವಿಟ್ಸ್ ಶಿಬಿರದ ಬಂದಿಗಳ ತೋಳಿನ ಮೇಲೆ ಸಂಖ್ಯೆಗಳನ್ನು ಚುಚ್ಚಿದರು. ಹಚ್ಚೆ ಹುಯ್ಯುತ್ತಿದ್ದ ಕೊರವಂಜಿಯ ಜನರಿಗೂ ಸರ್ಕಾರದ ಮುದ್ರೆ ತಪ್ಪಲಿಲ್ಲ. ಅದು ಚರ್ಮದ ಮೇಲಲ್ಲ, ಕಡತದಲ್ಲಿ ಬಿದ್ದ ಮುದ್ರೆ. ಮದರಾಸು ಪ್ರಾಂತ್ಯದಲ್ಲಿ ಕೊರವ, ಕೊರಚರನ್ನು ‘ಅಪರಾಧಿ ಬುಡಕಟ್ಟು’ಗಳ ಕಾಯಿದೆಗೆ ಒಳಪಡಿಸಲಾಯಿತು. ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸುವ ಆ ಕಾಯಿದೆ ೧೯೫೨ರಲ್ಲಿ ದೇಶದಾದ್ಯಂತ ರದ್ದಾಯಿತು. ಮಗಳ ಕೈಯನ್ನು ನಂಬಿ ಒಡ್ಡುತ್ತಿದ್ದ ಮನೆಗಳವರೇ ಅವಳು ಬೀದಿ ದಾಟಿದ ಮೇಲೆ ಪಾತ್ರೆಗಳನ್ನು ಎಣಿಸಿಕೊಳ್ಳುವಂತೆ ಮಾಡಿದ ಅಪಕೀರ್ತಿ ಮಾತ್ರ ಅಷ್ಟು ಬೇಗ ಅಳಿಯಲಿಲ್ಲ.

ಮೈಸೂರು ಸಂಸ್ಥಾನದ ಜಾತಿ ಜನಾಂಗಗಳ ಸಮೀಕ್ಷೆಯನ್ನು ಕೈಗೊಂಡವರು ಎಚ್.ವಿ. ನಂಜುಂಡಯ್ಯನವರು. ೧೯೧೫ರಲ್ಲಿ ಸ್ಥಾಪನೆಯಾಗಿ ಇಂದು ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಅವರೇ. ಅವರು ಆರಂಭಿಸಿದ ಕೆಲಸವನ್ನು ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಂದುವರಿಸಿ ಸಂಪುಟಗಳಾಗಿ ಹೊರತಂದರು. ಇಂತಹ ಗ್ರಂಥಗಳಿಂದ ಹಚ್ಚೆ ಹಾಕಿಸಿಕೊಳ್ಳುವವರು ಯಾರು, ಹಾಕುವವರು ಯಾರು ಎಂಬುದು ತಿಳಿಯುತ್ತದೆ. ಒಬ್ಬ ಹೆಣ್ಣುಮಗಳು ತನ್ನ ತೋಳಿನ ಬಳ್ಳಿಯನ್ನು ಕುರಿತು ಏನು ಹೇಳುತ್ತಿದ್ದಳು ಎಂಬುದನ್ನು ತಿಳಿಯಲು ಅವಳನ್ನೇ ಕೇಳಬೇಕು.

ಇಂದಿನ ತರುಣರು ಹಚ್ಚೆಯನ್ನು ‘ಟ್ಯಾಟೂ’ ಎನ್ನುತ್ತಾರೆ. ಪೆಸಿಫಿಕ್ ದ್ವೀಪಗಳಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಬೆಂಗಳೂರಿಗೆ ಬಂದ ಮಾತಿದು. ಹೆಸರು ಬದಲಾದರೂ ಬಯಕೆ ಹಳೆಯದೇ. ಕ್ರಿಕೆಟ್ ಆಟಗಾರ ಕೆ.ಎಲ್. ರಾಹುಲ್ ಬಾಲ್ಯವನ್ನು ಕಳೆದದ್ದು ಸುರತ್ಕಲ್ಲಿನ ಕಡಲ ತೀರದಲ್ಲಿ. ಅನಂತರ ಅವರು ಬೆಂಗಳೂರಿಗೆ ಬಂದರು. ಅವರ ಮೈಮೇಲಿನ ಹಚ್ಚೆಗಳಲ್ಲಿ ಒಂದು, ಬಾಲ್ಯದ ಆ ಊರನ್ನು ನೆನಪಿಸುವ ದೀಪಸ್ತಂಭ. ೨೦೨೧ರಲ್ಲಿ ಪುನೀತ್ ರಾಜ್‌ಕುಮಾರ್ ಅಕಾಲ ಮರಣಕ್ಕೆ ತುತ್ತಾದಾಗ ಎಷ್ಟೋ ಅಭಿಮಾನಿಗಳು ಅವರ ಮುಖವನ್ನು ತೋಳಿನ ಮೇಲೆ ಬರೆಯಿಸಿಕೊಂಡರು. ಈ ತರುಣರಿಗೆ ಅಜ್ಜಿಯರಿಗಿಲ್ಲದ ಅನುಕೂಲವೊಂದಿದೆ: ಆಯ್ಕೆ ಅವರದೇ. ಬೇಡವೆನಿಸಿದರೆ ಲೇಸರ್ ಕಿರಣಗಳಿಂದ ಬಣ್ಣದ ಕಣಗಳನ್ನು ಒಡೆದು ಮಸುಕಾಗಿಸಲೂಬಹುದು. ಆದರೆ ಅದು ದುಬಾರಿ, ನೋವಿನದು. ಪರಿಷೆಯ ಬೀದಿಯಲ್ಲಿ ಒಂದೇ ಸೂಜಿ ಹಲವರ ಮೈಗೆ ತಗುಲಿದರೆ ಕಾಮಾಲೆಯನ್ನುಂಟುಮಾಡುವ ವೈರಾಣುಗಳೂ ಎಚ್‌ಐವಿಯೂ ರಕ್ತಕ್ಕೆ ಸೇರುವ ಅಪಾಯವಿದೆ ಎಂಬುದನ್ನು ಹಲಗೆಯ ಚಿತ್ರಗಳು ಹೇಳುವುದಿಲ್ಲ.

ಮುದುಕಿಯ ಕೈಯಲ್ಲಿದ್ದ, ಅಕ್ಷರಗಳಂತೆ ತೋರುವ ಆ ಗೆರೆಗಳು ಏನು? ಅವು ನಿಜವಾಗಿಯೂ ಅಕ್ಷರಗಳೇ. ಓದು ಬರಹ ಬಾರದ ಸಾವಿರಾರು ಹೆಂಗಸರು ಗಂಡನ ಹೆಸರನ್ನು ಮುಂಗೈಯಲ್ಲಿ ಹೊತ್ತು ಬಾಳಿದರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದು ಅಂದಿನ ರೂಢಿಗೆ ವಿರುದ್ಧ. ಯಾರಾದರೂ ಕೇಳಿದರೆ ಸುಮ್ಮನೆ ಕೈ ಚಾಚಿದರಾಯಿತು, ಓದಬಲ್ಲವರು ಓದಿಕೊಳ್ಳುವರು. ಕಾಲ ಕಳೆದಂತೆ ಬಣ್ಣದ ಕಣಗಳು ಒಳಚರ್ಮದಲ್ಲಿ ಹರಡಿ ಅಕ್ಷರಗಳು ಒಂದರೊಳಗೊಂದು ಕಲೆತುಹೋಗುತ್ತವೆ. ಆಗ ಅವುಗಳನ್ನು ಓದಬಲ್ಲವಳು, ಎಂದೂ ಅಕ್ಷರ ಕಲಿಯದ ಅವಳೊಬ್ಬಳೇ. ಗಂಡ ತೀರಿಕೊಂಡ ದಿನ ಅವಳ ಬಳೆಗಳನ್ನು ಒಡೆದರು, ಕುಂಕುಮವನ್ನು ಅಳಿಸಿದರು, ತಾಳಿಯನ್ನು ತೆಗೆದರು. ಮುಂಗೈಯ ಮೇಲಿನ ಹೆಸರನ್ನು ಮಾತ್ರ ಯಾರಿಂದಲೂ ತೆಗೆಯಲಾಗಲಿಲ್ಲ.